ಅಪ್‌ಡೇಟ್: ಅಪ್ಪನ ಅಸ್ಥಿ ಕೊನೆಗೂ ಕಾವೇರಿ ಸೇರಿತು

ಮೇ 2021ರ ಲಾಕ್‌ಡೌನ್‌ನಲ್ಲಿ ಅಪ್ಪ ತೀರಿಕೊಂಡಾಗ, ಹತ್ತನೇ ದಿನದೊಳಗೆ ಅಸ್ಥಿ ಬಿಡೋಕೆ ಆಗದಿದ್ದರೆ ಏನು ಮಾಡೋದು ಅಂತ ಕೇಳಿದ್ದೆನಲ್ಲ? ಪುರೋಹಿತರು ಫೋನಲ್ಲೇ ಧೈರ್ಯ ಹೇಳಿದರು: ಮಡಕೆ ಬಾಯಿಗೆ ಬಟ್ಟೆ ಕಟ್ಟಿ, ಮನೆಯೊಳಗೆ ತರದೆ ಮರಕ್ಕೆ ತೂಗುಹಾಕಿ, ದಾರಿ ತೆರೆದಾಗ ಬಿಡಿ.

ಹಿತ್ತಲ ಸೀಬೆ ಮರದಲ್ಲೇ ಇತ್ತು. ಅಮ್ಮ ದಿನಾ ಸಂಜೆ ಅಲ್ಲಿ ಕೂತು ಹಾಲಿನವನ ಲೆಕ್ಕದಿಂದ ಹಿಡಿದು ಎಲ್ಲ ಒಪ್ಪಿಸೋಳು. ವಾರಸುದಾರರು ಬಾರದ ನೂರಾರು ಅಸ್ಥಿಗಳನ್ನು ಜೂನ್‌ನಲ್ಲಿ ಸರ್ಕಾರವೇ ಬೆಳಕವಾಡಿ ಬಳಿ ಕಾವೇರಿಗೆ ಬಿಟ್ಟ ಸುದ್ದಿ ನೋಡಿ ಮಾತ್ರ ಬಿಕ್ಕಿಬಿಕ್ಕಿ ಅತ್ತಳು.

ವೈಕುಂಠ ಸಮಾರಾಧನೆಗೆ ನಾಲ್ಕೇ ಎಲೆ. ಪಿಂಡಕ್ಕೆ ಕಾಗೆ ತಕ್ಷಣ ಬಂತು, ಅದಕ್ಕೇನು ಪಾಸ್ ಬೇಕೇ!

ಜುಲೈಯಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಮಡಕೆ ಬಗ್ಗಿಸುವಾಗ ಅಮ್ಮ ಅಂದಿದ್ದಿಷ್ಟೇ: "ನಿಧಾನ ಕಣೋ, ಅವರಿಗೆ ತಣ್ಣೀರು ಆಗಲ್ಲ."