ಎಚ್‌ಐವಿ ‘ಅಂಟುತ್ತಾ’, ‘ತಗಲುತ್ತಾ’, ‘ದಾಟುತ್ತಾ’? ಕ್ರಿಯಾಪದದ ಬಗ್ಗೆ ಒಂದು ಪ್ರಶ್ನೆ

ಎಲ್ರಿಗೂ ನಮಸ್ಕಾರ,

ಆರೋಗ್ಯ ಕಾರ್ಯಕರ್ತರಿಗೆ ಅಂತ ಮಾಡ್ತಿರೋ ಒಂದು ಸಣ್ಣ ಕೈಪಿಡಿಯ ಕನ್ನಡ ತಿದ್ದೋ ಕೆಲಸ ಬಂದಿದೆ. ಅದರಲ್ಲಿ ಒಂದು ಕಡೆ "ಎಚ್‌ಐವಿ ಒಂದು ಅಂಟುರೋಗ" ಅಂತಿದೆ, ಎರಡೇ ಸಾಲು ಕೆಳಗೆ "ಮುಟ್ಟಿದರೆ ಅಂಟುವುದಿಲ್ಲ" ಅಂತಿದೆ. ಅಂಟುರೋಗ ಅಂದ್ಮೇಲೆ ಅಂಟಲ್ಲ ಅಂದ್ರೆ ಓದೋರು ಯಾವುದನ್ನ ನಂಬ್ಬೇಕು? ಬರೆದೋರಿಗೆ ವಿಷಯ ಗೊತ್ತಿಲ್ಲ ಅಂತಲ್ಲ, ಪಾಪ, ನಮ್ಮ ಪದಗಳೇ ಹಾಗಿವೆ.

ಯೋಚನೆ ಮಾಡಿ ನೋಡಿ, ಕಾಯಿಲೆ ಒಬ್ರಿಂದ ಒಬ್ರಿಗೆ ಹೋಗೋದಕ್ಕೆ ನಾವು ಬಳಸೋ ಪದಗಳಲ್ಲಿ ಮುಕ್ಕಾಲು ಪಾಲು ಮುಟ್ಟೋದಕ್ಕೆ ಸಂಬಂಧಪಟ್ಟವೇ. ಅಂಟು, ತಗಲು, ಹತ್ತು. ‘ಸೋಂಕು’ ಕೂಡ ಅಷ್ಟೇ, ಹಳಗನ್ನಡದಲ್ಲಿ ಅದರ ಅರ್ಥ ಮುಟ್ಟು ಅಂತಲೇ, ಈಗ್ಲೂ "ಬಿಸಿಲು ಸೋಕದ ಜಾಗ", "ಗಾಳಿ ಸೋಕಿದೆ" ಅಂತೀವಲ್ಲ, ಅದೇ ಇದು. ಎಚ್‌ಐವಿ ವಿಷ್ಯದಲ್ಲಿ ಮಾತ್ರ ಈ ಮುಟ್ಟೋ ಕಲ್ಪನೆ ಪೂರ್ತಿ ತಪ್ಪು ದಾರಿಗೆ ಎಳೆಯುತ್ತೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪದ ಯಾವುದು ಅನ್ನೋದು ಆ ವೈರಸ್ ಏನ್ ಮಾಡುತ್ತೆ ಅನ್ನೋದರ ಮೇಲೇ ನಿಂತಿದೆ. ಈ ವೈರಸ್‌ಗೆ ಬೇಕಾಗಿರೋದು ಸಿಡಿ4 ಅನ್ನೋ ಗುರುತಿರೋ ಜೀವಕೋಶ, ಮುಖ್ಯವಾಗಿ ದೇಹದ ರಕ್ಷಣೆಯನ್ನ ನಡೆಸೋ ಒಂದು ಜಾತಿಯ ಬಿಳಿ ರಕ್ತಕಣ. ಅದರ ಮೇಲಿರೋ ಸಿಡಿ4 ಪ್ರೋಟೀನನ್ನ ಹಿಡ್ಕೊಂಡು, ಜೊತೆಗೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4 ಅನ್ನೋ ಇನ್ನೊಂದು ಪ್ರೋಟೀನನ್ನೂ ಬಳಸ್ಕೊಂಡು ಒಳಗೆ ಹೋಗುತ್ತೆ, ಹೋಗಿ ತನ್ನ ವಂಶವಾಹಿ ಮಾಹಿತಿ ಇರೋ ಆರ್‌ಎನ್‌ಎಯನ್ನ ಡಿಎನ್‌ಎ ಆಗಿ ಬರ್ಕೊಂಡು ಅದನ್ನ ನಮ್ಮದೇ ಡಿಎನ್‌ಎ ಒಳಗೆ ಸೇರಿಸಿಬಿಡುತ್ತೆ, ಆಮೇಲೆ ಆ ಕಣವೇ ಹೊಸ ವೈರಸ್‌ಗಳನ್ನ ಮಾಡಿ ಹೊರಗೆ ಬಿಡುತ್ತೆ. ಕೆಲವು ಕಣಗಳಲ್ಲಿ ಏನೂ ಮಾಡದೆ ವರ್ಷಗಟ್ಟಲೆ ಸುಮ್ನೆ ಕೂತಿರುತ್ತೆ, ಔಷಧಿ ನಿಲ್ಲಿಸಿದ್ರೆ ಮತ್ತೆ ಏಳೋದು ಅಲ್ಲಿಂದಲೇ. (ಇದಕ್ಕೆ ‘ಸುಪ್ತ’ ಅನ್ನೋ ಪದ ಚೆನ್ನಾಗೇ ಕೂತಿದೆ, ಅದರ ತಂಟೆಗೆ ಹೋಗಲ್ಲ.)

ಅಂದ್ರೆ ಬರೀ ಚರ್ಮದ ಮೇಲೆ ಬಿದ್ರೆ ಅದಕ್ಕೆ ದಾರಿಯೇ ಇಲ್ಲ. ಗಾಯ ಇಲ್ಲದ ಚರ್ಮವನ್ನ ಅದು ದಾಟಲ್ಲ, ಗಾಳೀಲಿ ಬರಲ್ಲ, ಎಂಜಲು ಬೆವರು ಕಣ್ಣೀರಿಂದ ಬರಲ್ಲ. ಸೊಳ್ಳೆ ಒಳಗೆ ಅದು ಬೆಳೆಯೋದೇ ಇಲ್ಲ, ರಕ್ತದ ಜೊತೆ ಜೀರ್ಣ ಆಗ್ಹೋಗುತ್ತೆ, ಅಲ್ದೆ ಸೊಳ್ಳೆ ಕಚ್ಚುವಾಗ ಒಳಗೆ ಬಿಡೋದು ತನ್ನ ಜೊಲ್ಲನ್ನ, ಹಿಂದೆ ಕುಡಿದ ರಕ್ತವನ್ನಲ್ಲ. ರಕ್ತ, ವೀರ್ಯ, ಯೋನಿಸ್ರಾವ, ಗುದದ್ವಾರದ ಒಳಗಿನ ಸ್ರಾವ, ಎದೆಹಾಲು, ಇವುಗಳಲ್ಲಿ ಯಾವುದಾದ್ರೂ ಇನ್ನೊಬ್ರ ರಕ್ತಕ್ಕೋ ಒಳಪೊರೆಗೋ ಸೇರಬೇಕು. ಕಾಂಡೋಮ್ ಇಲ್ಲದ ಸೆಕ್ಸ್, ಒಬ್ರು ಚುಚ್ಕೊಂಡ ಸೂಜಿಯನ್ನ ಇನ್ನೊಬ್ರು ಬಳಸೋದು, ಪರೀಕ್ಷೆ ಮಾಡದ ರಕ್ತ ಏರಿಸೋದು, ಬಸುರಲ್ಲಿ, ಹೆರಿಗೇಲಿ ಅಥವಾ ಹಾಲೂಡಿಸುವಾಗ ತಾಯಿಯಿಂದ ಮಗುವಿಗೆ, ಹೆಚ್ಚುಕಮ್ಮಿ ಇಷ್ಟೇ ದಾರಿ.

ಹಾಗಾಗಿ ನನಗೆ ಅನ್ಸೋದು ‘ದಾಟು’ ಸರಿ ಅಂತ. "ಎಚ್‌ಐವಿ ರಕ್ತದಿಂದ ರಕ್ತಕ್ಕೆ ದಾಟುತ್ತೆ", "ತಾಯಿಯಿಂದ ಮಗುವಿಗೆ ದಾಟಬಹುದು". ಎಲ್ಲಿಂದ, ಎಲ್ಲಿಗೆ ಅಂತ ಹೇಳದೆ ವಾಕ್ಯ ಪೂರ್ತಿ ಆಗೋದೇ ಇಲ್ಲ, ಅದೇ ನನಗೆ ಹಿಡಿಸಿದ್ದು. ‘ಹರಡುತ್ತೆ’ ಅಂದ್ರೆ ಸುಮ್ನೆ ಎಲ್ಲಾ ಕಡೆ ಹರಡ್ತಾ ಇದೆ ಅನ್ಸುತ್ತೆ. ‘ತಗಲಿದೆ’ ಅಂದ್ರೆ ತಗಲಾಕ್ಕೊಂಡ ಅನ್ನೋ ಛಾಯೆ ಬರುತ್ತೆ. ‘ಅಂಟಿಸು’ ಅಂತೂ ಬೇಡವೇ ಬೇಡ, "ಮಗುವಿಗೆ ಅಂಟಿಸಿದಳು" ಅಂತ ಒಂದು ಕಡೆ ಬರೆದಿದ್ದಾರೆ, ಆ ತಾಯಿ ಬೇಕಂತ ಮಾಡಿದ ಹಾಗೆ ಕೇಳುತ್ತೆ. ಚಿಕಿತ್ಸೆ ಏನೂ ಇಲ್ದಿದ್ರೆ 100ರಲ್ಲಿ 15ರಿಂದ 45 ಮಕ್ಕಳಿಗೆ ದಾಟೋ ಸಾಧ್ಯತೆ ಇರುತ್ತೆ, ಸರಿಯಾಗಿ ಔಷಧಿ ಕೊಟ್ರೆ ಅದು 5ಕ್ಕಿಂತ ಕೆಳಗೆ ಬರುತ್ತೆ, ಇದನ್ನ ಹೇಳೋಕೆ ‘ದಾಟು’ ಸಾಕು.

‘ಸಾಂಕ್ರಾಮಿಕ’ದ ಮೂಲಾರ್ಥವೂ ದಾಟೋದೇ, ಸಂಕ್ರಮಣ ಅಂತೀವಲ್ಲ. ಆದ್ರೆ ಕೋವಿಡ್ ಬಂದ್ಮೇಲೆ ಆ ಪದ ಊರಿಗೆ ಊರೇ ಮಲಗಿಸೋ ಪಿಡುಗಿಗೆ ಮೀಸಲಾಗಿಬಿಟ್ಟಿದೆ, ವಾಪಸ್ ತರೋದು ಕಷ್ಟ. ನಾಮಪದವಾಗಿ ‘ಸೋಂಕು’ ಇರ್ಲಿ, ಅದರಲ್ಲಿ ಮುಟ್ಟೋ ಅರ್ಥ ಸವೆದುಹೋಗಿದೆ, ಯಾರಿಗೂ ನೆನಪಿಲ್ಲ.

‘ಏಡ್ಸ್ ಟೆಸ್ಟ್’, ‘ಏಡ್ಸ್ ವೈರಸ್’ ಅಂತ ಇದ್ದಿದ್ದನ್ನೆಲ್ಲ ತೆಗೆದೆ. ವೈರಸ್ ಹೆಸರು ಎಚ್‌ಐವಿ; ಸಿಡಿ4 ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 200ಕ್ಕಿಂತ ಕಮ್ಮಿ ಆದಾಗ ಅಥವಾ ಕೆಲವು ನಿರ್ದಿಷ್ಟ ಕಾಯಿಲೆಗಳು ಬಂದಾಗ ಆ ಹಂತಕ್ಕೆ ಏಡ್ಸ್ ಅಂತಾರೆ, ಔಷಧಿ ತಗೊಳ್ಳೋ ಎಷ್ಟೋ ಜನ ಆ ಹಂತಕ್ಕೆ ಹೋಗೋದೇ ಇಲ್ಲ.

ಇನ್ನೊಂದು ಪದ ನಿಜವಾಗ್ಲೂ ತಲೆ ತಿಂತಿದೆ: ‘ಪತ್ತೆಯಾಗದ’. ದಿನಾ ಔಷಧಿ ತಗೊಂಡು ರಕ್ತದಲ್ಲಿ ವೈರಸ್ ಟೆಸ್ಟ್‌ಗೆ ಸಿಗದಷ್ಟು ಕಮ್ಮಿ ಆಗಿ ಹಾಗೇ ಉಳಿದ್ರೆ ಸೆಕ್ಸ್ ಮೂಲಕ ಅದು ಇನ್ನೊಬ್ರಿಗೆ ದಾಟಲ್ಲ, ಇದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಗಟ್ಟಿಯಾಗಿರೋ ವಿಷ್ಯ. (ಎದೆಹಾಲಿನ ಲೆಕ್ಕ ಬೇರೆ, ಅಲ್ಲಿ ಅಪಾಯ ತುಂಬಾ ಕಮ್ಮಿ ಆಗುತ್ತೆ, ಸೊನ್ನೆ ಅಂತ ಹೇಳೋಕಾಗಲ್ಲ.) ಕನ್ನಡದಲ್ಲಿ ಇದನ್ನ "ಪತ್ತೆಯಾಗದ ವೈರಸ್" ಅಂತ ಬರೆದಿದ್ದಾರೆ. ಪತ್ತೆಯಾಗದ ಅಂದ್ರೆ ಪೊಲೀಸರ ಕೈಗೆ ಸಿಗದೆ ಓಡಾಡ್ತಿರೋ ಕಳ್ಳನ ಹಾಗೆ, ಇನ್ನೂ ಹೆಚ್ಚು ಅಪಾಯ ಅಂತ ಕೇಳಲ್ವಾ? ಸಾಲದ್ದಕ್ಕೆ ಅದೇ ಪುಟದಲ್ಲಿ ವಿಂಡೋ ಪಿರಿಯಡ್ ಬಗ್ಗೆಯೂ "ಸೋಂಕು ಪತ್ತೆಯಾಗದ ಅವಧಿ" ಅಂತಿದೆ. ಅದು ತದ್ವಿರುದ್ಧ ಸ್ಥಿತಿ ಕಣ್ರೀ, ಸೋಂಕು ಆಗಿ ಮೊದಲ ಕೆಲವು ವಾರ ಟೆಸ್ಟ್ ನೆಗೆಟಿವ್ ತೋರಿಸಬಹುದು, ಆದ್ರೆ ರಕ್ತದಲ್ಲಿ ವೈರಸ್ ಅತಿ ಹೆಚ್ಚು ಇರೋದೂ, ಸುಲಭವಾಗಿ ದಾಟೋದೂ ಆ ಶುರುವಿನ ವಾರಗಳಲ್ಲೇ. ಒಂದು ಕಡೆ ನಿಶ್ಚಿಂತೆ, ಇನ್ನೊಂದು ಕಡೆ ಎಚ್ಚರಿಕೆ, ಎರಡಕ್ಕೂ ಒಂದೇ ಪದ ಹಾಕಿದ್ರೆ ಓದೋರ ಗತಿ ಏನು.

ಮೊದಲನೇದಕ್ಕೆ ನಾನು ಸದ್ಯಕ್ಕೆ "ಅಳತೆಗೆ ಸಿಗದಷ್ಟು ಕಮ್ಮಿ" ಅಂತ ಹಾಕಿದೀನಿ, ಉದ್ದ ಆಯ್ತು, ಪೋಸ್ಟರ್ ಮೇಲೆ ಕೂರಲ್ಲ. ಎರಡನೇದನ್ನ ವಿಂಡೋ ಪಿರಿಯಡ್ ಅಂತಲೇ ಬಿಟ್ಟಿದೀನಿ, ಟೆಸ್ಟ್ ಮಾಡೋರೂ ಹಾಗೇ ಅಂತಾರೆ, ‘ಗವಾಕ್ಷಿ ಅವಧಿ’ ಅಂತೆಲ್ಲ ದಯವಿಟ್ಟು ಬೇಡ. ‘ದಾಟು’ ನಿಮ್ಮ ಕಡೆ ಮಾತಲ್ಲಿ ಹೊಂದುತ್ತಾ, ಇಲ್ಲ ‘ದಾಟ್ತು’ ಅಂದ್ರೆ ಬಂದು ಹೋಯ್ತು, ವಾಸಿ ಆಯ್ತು ಅಂತ ಅರ್ಥ ಮಾಡ್ಕೊಳ್ಳೋ ಅಪಾಯ ಇದೆಯಾ? ಮತ್ತೆ "ಅಳತೆಗೆ ಸಿಗದಷ್ಟು" ಅನ್ನೋದಕ್ಕೆ ಒಂದೇ ಪದ ಯಾರಿಗಾದ್ರೂ ಹೊಳೆದ್ರೆ ಹೇಳಿ, ಸಂಸ್ಕೃತ ಆದ್ರೂ ಪರವಾಗಿಲ್ಲ, ಆದ್ರೆ ಏಳನೇ ಕ್ಲಾಸ್ ಓದಿದೋರಿಗೆ ಅರ್ಥ ಆಗ್ಬೇಕು.