ಶುಗರ್ ಇದ್ದವರ ತೋಳು ಸೊರಗುತ್ತದೆ, ಕಿಡ್ನಿ ದಪ್ಪವಾಗುತ್ತದೆ. ಯಾಕೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ತಂದೆಗೆ 64 ವರ್ಷ. ಶುಗರ್ ಬಂದು 15 ವರ್ಷವಾಯಿತು. ಈಚೆಗೆ ತೋಳು, ತೊಡೆ ಎಲ್ಲ ಸೊರಗಿವೆ. ಆದರೆ ಸ್ಕ್ಯಾನ್ ರಿಪೋರ್ಟಿನಲ್ಲಿ ಎರಡೂ ಕಿಡ್ನಿ ಸ್ವಲ್ಪ ದೊಡ್ಡದಾಗಿವೆ ಎಂದು ಬರೆದಿದ್ದಾರೆ. ಮೂತ್ರದಲ್ಲಿ ಆಲ್ಬುಮಿನ್ 140 ಇದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಮಾತ್ರ ನಾರ್ಮಲ್. ಮೈಯೆಲ್ಲ ಕರಗುವಾಗ ಕಿಡ್ನಿ ಮಾತ್ರ ದಪ್ಪವಾಗುವುದು ಹೇಗೆ? ಮೈಯ ಮಾಂಸವೇ ಕರಗಿ ಮೂತ್ರದಲ್ಲಿ ಹೋಗುತ್ತಿದೆಯಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ತುಂಬಾ ಜನ ಹಾಗೇ ಅಂದುಕೊಂಡಿರುತ್ತಾರೆ. ಮೂತ್ರದಲ್ಲಿ ಹೋಗುತ್ತಿರುವುದು ಮಾಂಸ ಅಲ್ಲ. ಆಲ್ಬುಮಿನ್ ರಕ್ತದಲ್ಲಿರುವ ಪ್ರೋಟೀನ್, ಅದನ್ನು ತಯಾರಿಸುವುದು ಲಿವರ್. ಕಿಡ್ನಿಯ ಜರಡಿ ಹಾಳಾದಾಗ ಅದು ಸೋರುತ್ತದೆ. ಮೂತ್ರದಲ್ಲಿರುವ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕಿತ್ತು, ನಿಮ್ಮ ತಂದೆಯವರದು 140 ಇದೆ. ಸ್ನಾಯು ಕರಗಿದಾಗ ಬರುವ ಅಮೈನೋ ಆಮ್ಲಗಳ ಕಥೆ ಬೇರೆ. ಅದರಲ್ಲಿ ಒಂದಷ್ಟನ್ನು ಲಿವರ್ ಮತ್ತೆ ಸಕ್ಕರೆಯಾಗಿ ಮಾಡುತ್ತದೆ, ಉಳಿದ ಸಾರಜನಕ ಯೂರಿಯಾ ಆಗಿ ಹೊರಗೆ ಹೋಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಮೈಯಲ್ಲಿ ಪ್ರೋಟೀನ್ ಕಟ್ಟುವುದು, ಒಡೆಯುವುದು ಎರಡೂ ದಿನವಿಡೀ ನಡೆಯುತ್ತಿರುತ್ತದೆ. ಸ್ನಾಯುವಿನಲ್ಲಿ ಒಡೆಯುವ ಕೆಲಸಕ್ಕೆ ಕಡಿವಾಣ ಹಾಕುವುದು ಇನ್ಸುಲಿನ್. ಇನ್ಸುಲಿನ್ ಸಾಲದಿದ್ದರೆ, ಅಥವಾ ಇದ್ದೂ ಕೆಲಸ ಮಾಡದಿದ್ದರೆ, ಆ ಕಡಿವಾಣ ಸಡಿಲವಾಗುತ್ತದೆ. ತೋಳು ಸೊರಗುವುದಕ್ಕೆ ಇದೊಂದು ದೊಡ್ಡ ಕಾರಣ. ವಯಸ್ಸೂ ಸೇರಿಕೊಂಡಿರುತ್ತದೆ ಅನ್ನಿ.

ಕಿಡ್ನಿಯಲ್ಲಿ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಒಡೆಯುವ ಕೆಲಸವೇ ನಿಧಾನವಾಗುತ್ತದೆ. ಕಿಡ್ನಿಯ ಸಣ್ಣ ನಳಿಕೆಗಳ ಜೀವಕೋಶಗಳಲ್ಲಿ ಲೈಸೋಸೋಮ್ ಎಂಬ ಚೀಲಗಳಿವೆ, ಅವುಗಳಲ್ಲಿ ಪ್ರೋಟೀನ್ ಕತ್ತರಿಸುವ ಕೆಥೆಪ್ಸಿನ್ ಎಂಬ ಕಿಣ್ವಗಳಿವೆ. ಪ್ರಾಣಿಗಳಲ್ಲಿ ಸಕ್ಕರೆ ಕಾಯಿಲೆ ಬರಿಸಿ ನೋಡಿದಾಗ, ಕೆಲವೇ ದಿನಗಳಲ್ಲಿ ಈ ಕಿಣ್ವಗಳ ಚುರುಕು ಕಡಿಮೆಯಾಯಿತು, ಕಿಡ್ನಿಯ ತೂಕ ಹೆಚ್ಚಿತು. ಹೊಸ ಸಾಮಾನು ಬರುತ್ತಲೇ ಇದೆ, ಹಳೆಯದು ಹೊರಗೆ ಹೋಗುತ್ತಿಲ್ಲ. ಮನೆ ತುಂಬದೆ ಇನ್ನೇನಾಗುತ್ತದೆ?

ನಿಜವಾದ ತೊಂದರೆ ಇರುವುದು ಜರಡಿಯ ಹತ್ತಿರ. ಅಲ್ಲಿ ರಕ್ತನಾಳಗಳ ಗೊಂಚಲನ್ನು ಹಿಡಿದಿಡುವ ಕೊಲಾಜೆನ್, ಫೈಬ್ರೊನೆಕ್ಟಿನ್ ಎಂಬ ಅಂಟು ಪದಾರ್ಥಗಳಿವೆ. ಸಕ್ಕರೆ ಜಾಸ್ತಿಯಾದಾಗ ಟಿಜಿಎಫ್-ಬೀಟಾ ಎಂಬ ಸಂಕೇತ ಏರುತ್ತದೆ. ಅದು ಈ ಅಂಟನ್ನು ಹೆಚ್ಚು ಮಾಡಿಸುತ್ತದೆ. ಅಷ್ಟಕ್ಕೇ ಸುಮ್ಮನಿರದೆ, ಅಂಟನ್ನು ಕತ್ತರಿಸುವ ಕಿಣ್ವಗಳಿಗೂ ಅಡ್ಡಗಾಲು ಹಾಕುತ್ತದೆ.

ಇದರ ಮೇಲೆ ಸಕ್ಕರೆ ತಾನೇ ಹೋಗಿ ಕೊಲಾಜೆನ್‌ಗೆ ಅಂಟಿಕೊಳ್ಳುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತೀರಲ್ಲ, ಅದು ಅಳೆಯುವುದೂ ಇಂಥದ್ದನ್ನೇ, ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಆದರೆ ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಸತ್ತು ಹೋಗುತ್ತದೆ, ಲೆಕ್ಕ ಚುಕ್ತಾ. ಕೊಲಾಜೆನ್ ತುಂಬಾ ಕಾಲ ಉಳಿಯುವ ವಸ್ತು. ಅಂಟಿದ ಸಕ್ಕರೆ ನಿಧಾನಕ್ಕೆ ಎಳೆಗಳ ನಡುವೆ ಗಂಟು ಹಾಕುತ್ತದೆ, ಆಮೇಲೆ ಕಿಣ್ವದ ಕತ್ತರಿ ಅಲ್ಲಿ ಸರಿಯಾಗಿ ಓಡುವುದಿಲ್ಲ. ಹೀಗೆ ಕೂಡಿಟ್ಟ ಅಂಟು ಉಂಡೆಗಳಾಗಿ ಕಾಣುವುದನ್ನು 1936ರಲ್ಲಿ ಕಿಮ್ಮಲ್‌ಸ್ಟೀಲ್ ಮತ್ತು ವಿಲ್ಸನ್ ವರ್ಣಿಸಿದರು. ಇವತ್ತಿಗೂ ಆ ಉಂಡೆಗಳಿಗೆ ಅವರದೇ ಹೆಸರು.

ಮತ್ತೊಬ್ಬ ಸದಸ್ಯರು: ಮೇಡಂ, ಶುಗರ್ ಕಂಟ್ರೋಲ್‌ಗೆ ತಂದರೆ ಆ ಅಂಟು ಕರಗುತ್ತದಾ? ಹೋದದ್ದು ಹೋಯಿತು ಅಂತಾರಲ್ಲ.

ಉತ್ತರ: ನಾನೂ ಓದುವ ಕಾಲದಲ್ಲಿ ಹಾಗೇ ನಂಬಿದ್ದೆ. 1998ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಟೈಪ್ 1 ಸಕ್ಕರೆ ಕಾಯಿಲೆಯ 8 ಜನರಿಗೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಕಸಿ ಮಾಡಿದ್ದರು. ಅವರ ಶುಗರ್ ಪೂರ್ತಿ ನಾರ್ಮಲ್ ಆಗಿತ್ತು. 5 ವರ್ಷದ ನಂತರ ಕಿಡ್ನಿಯ ಚೂರು ತೆಗೆದು ನೋಡಿದರೆ ಅಂಟು ಹಾಗೇ ಇತ್ತು. 10 ವರ್ಷಕ್ಕೆ ನೋಡಿದಾಗ ಗಮನಾರ್ಹವಾಗಿ ಕಡಿಮೆಯಾಗಿತ್ತು. ಅಂದರೆ ಒಡೆಯುವ ಯಂತ್ರ ಸತ್ತಿರಲಿಲ್ಲ, ಮಂದವಾಗಿತ್ತು ಅಷ್ಟೇ. ಹಾಗಂತ ಎಲ್ಲರೂ ಕಸಿ ಮಾಡಿಸಿಕೊಳ್ಳಿ ಅಂತಲ್ಲ, ಅದಕ್ಕೆ ಅದರದೇ ಅಪಾಯಗಳಿವೆ. ಮೂರು ತಿಂಗಳು ಶುಗರ್ ಇಳಿಸಿ, ಮೂತ್ರದ ರಿಪೋರ್ಟ್ ಬದಲಾಗಲಿಲ್ಲ ಎಂದು ಕೈಚೆಲ್ಲುವವರಿಗಾಗಿ ಇದನ್ನು ಹೇಳಿದೆ. ಇಲ್ಲಿ ಲೆಕ್ಕ ವರ್ಷಗಳಲ್ಲಿ.

ಪ್ರಶ್ನೆ (ಮೊದಲಿನವರು): ಧನ್ಯವಾದ ಡಾಕ್ಟ್ರೇ. ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ, ಸದ್ಯಕ್ಕೆ ನೆಮ್ಮದಿ ಅಲ್ವಾ? ಊಟದಲ್ಲಿ ಪ್ರೋಟೀನ್ ನಿಲ್ಲಿಸಬೇಕಾ?

ಉತ್ತರ: ಇಲ್ಲೇ ಎಡವುತ್ತಾರೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ತೋಳು, ತೊಡೆ ಸೊರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಕಿಡ್ನಿಯ ಕೆಲಸ ಅಳೆಯುವ ಇನ್ನೊಂದು ರಕ್ತಪರೀಕ್ಷೆ ಸಿಸ್ಟಾಟಿನ್ ಸಿ, ಅದು ಬೇಕೇ ಎಂದು ನಿಮ್ಮ ಡಾಕ್ಟರ ಹತ್ತಿರ ಕೇಳಿ. ಸ್ನಾಯು ಎಷ್ಟಿದೆ ಎಂಬುದು ಅದರ ಮೇಲೆ ಅಷ್ಟಾಗಿ ಪರಿಣಾಮ ಬೀರುವುದಿಲ್ಲ.

ಪ್ರೋಟೀನ್ ನಿಲ್ಲಿಸಬೇಡಿ, ದಯವಿಟ್ಟು. ಕಿಡ್ನಿ ತೊಂದರೆ ಇದ್ದು ಡಯಾಲಿಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಹೇಳುವುದು ದಿನಕ್ಕೆ ಒಂದು ಕಿಲೋ ತೂಕಕ್ಕೆ 0.8 ಗ್ರಾಂ. 60 ಕಿಲೋ ಇದ್ದರೆ 48 ಗ್ರಾಂ. ಈಗಾಗಲೇ ಸೊರಗಿರುವವರು ಅದಕ್ಕಿಂತ ಕೆಳಗೆ ಹೋದರೆ ಸ್ನಾಯುವಿಗೇ ಏಟು. ಪ್ರೋಟೀನ್ ಪೌಡರ್ ಮಾತ್ರ ಸುಮ್ನೆ ತಂದು ಕುಡಿಸಬೇಡಿ, ಮೊದಲು ಕೇಳಿ.

ಬಿಪಿ ಎಷ್ಟಿದೆ ಎಂದು ನೀವು ಬರೆದಿಲ್ಲ, ಅದು ಮುಖ್ಯ. ಎಸಿಇ ಅಥವಾ ಎಆರ್‌ಬಿ ಗುಂಪಿನ ಬಿಪಿ ಮಾತ್ರೆ, ಎಸ್‌ಜಿಎಲ್‌ಟಿ2 ಗುಂಪಿನ ಶುಗರ್ ಮಾತ್ರೆ ಅವರಿಗೆ ಹೊಂದುತ್ತದೆಯೇ ಎಂದೂ ವಿಚಾರಿಸಿ. ಇವೆರಡೂ ಜರಡಿಯ ಮೇಲಿನ ಒತ್ತಡ ಇಳಿಸುತ್ತವೆ. ಆಲ್ಬುಮಿನ್ ಪರೀಕ್ಷೆಯನ್ನು ಇನ್ನೊಂದೆರಡು ಸಲ ಮಾಡಿಸಿ. ಜ್ವರ, ಮೂತ್ರದ ಸೋಂಕು ಇರುವಾಗ ಮಾಡಿಸಬೇಡಿ, ಅಂಕಿ ಸುಳ್ಳೇ ಏರಿರುತ್ತದೆ.