ಸಿರಸ್ ಮೋಡಕ್ಕೆ ‘ಹಿಂಜುಮೋಡ’ ಎನ್ನಬಹುದೇ?

ನಮಸ್ಕಾರ.

ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ಮಕ್ಕಳಿಗಾಗಿ ಲ್ಯೂಕ್ ಹೊವಾರ್ಡ್ (1772–1864) ಅವರ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಅವರು ಮೋಡಗಳಿಗಿಟ್ಟ ಲ್ಯಾಟಿನ್ ಹೆಸರುಗಳಿಗೆ ಮಕ್ಕಳಿಗೆ ಒಪ್ಪುವ ಕನ್ನಡ ಪದಗಳು ಬೇಕಾಗಿವೆ. ಲಂಡನ್ನಿನಲ್ಲಿ ಔಷಧ, ರಾಸಾಯನಿಕ ತಯಾರಿಸಿ ಬದುಕುತ್ತಿದ್ದವರು ಅವರು. ಮನಸ್ಸೆಲ್ಲ ಮೋಡಗಳ ಮೇಲೆ. 1802ರ ಡಿಸೆಂಬರಿನಲ್ಲಿ ಗೆಳೆಯರ ವಿಜ್ಞಾನಕೂಟದಲ್ಲಿ ಒಂದು ಪ್ರಬಂಧ ಓದಿ, ಸಿರಸ್, ಕ್ಯುಮುಲಸ್, ಸ್ಟ್ರೇಟಸ್ ಎಂದು ಮೂರು ಮೂಲರೂಪಗಳಿಗೆ ಹೆಸರಿಟ್ಟರು. ಸಿರೊಕ್ಯುಮುಲಸ್‌ನಂಥ ಬೆರಕೆ ಹೆಸರುಗಳೂ ಅವರವೇ.

ಕ್ಯುಮುಲಸ್ ಎಂದರೆ ಲ್ಯಾಟಿನ್ನಿನಲ್ಲಿ ಗುಡ್ಡೆ. ನಮ್ಮ ಪುಸ್ತಕಗಳ ‘ರಾಶಿಮೋಡ’ ಇದಕ್ಕೆ ಹೇಳಿ ಮಾಡಿಸಿದಂತಿದೆ. ತೊಗರಿ ರಾಶಿ ಮಾಡುವ ಮನೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮುಗಿಲ ಕಡೆ ತಾವೇ ಬೆರಳು ಮಾಡುತ್ತಾರೆ. (ನಮ್ಮಲ್ಲಿ ಮುಗಿಲು ಎಂದರೆ ಆಕಾಶ. ಹಳಗನ್ನಡದಲ್ಲಿ ಅದು ಮೋಡ. ಹಾಗಾಗಿ ಪಾಠದಲ್ಲಿ ಮೋಡಕ್ಕೆ ಆ ಪದ ಹಾಕುವಂತಿಲ್ಲ.) ಸ್ಟ್ರೇಟಸ್ ಎಂದರೆ ಹಾಸಿದ್ದು. ‘ಪದರಮೋಡ’ ನಡೆಯುತ್ತದೆ; ಆದರೂ ಶಹಾಬಾದ ಫರಸಿ ಹಾಸಿದ ಅಂಗಳದಲ್ಲಿ ಬೆಳೆದ ನನಗೆ ‘ಹಾಸುಮೋಡ’ವೇ ಇಷ್ಟ.

ತೊಡಕಿರುವುದು ಸಿರಸ್‌ನಲ್ಲಿ. ಪುಸ್ತಕದ ಪದ ‘ಹಿಮಕಣ ಮೋಡ’. ವಿಜ್ಞಾನದ ಪ್ರಕಾರ ತಪ್ಪಿಲ್ಲ, ಅಷ್ಟೆತ್ತರದ ಆ ಮೋಡಗಳಲ್ಲಿರುವುದು ಹಿಮದ ಹರಳುಗಳೇ. ಆದರೆ ಒಬ್ಬ ಹುಡುಗಿ ಕತ್ತೆತ್ತಿ ನೋಡಿ, “ಸರ, ಬರ್ಫ ಎಲ್ಲಿ ಕಾಣಸ್ತದ್ರಿ?” ಎಂದಳು. ಆಕೆಯ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೊವಾರ್ಡ್ ಹೆಸರಿಟ್ಟದ್ದು ಒಳಗೇನಿದೆ ಎಂದು ನೋಡಿ ಅಲ್ಲ, ನೆಲದ ಮೇಲೆ ನಿಂತ ಕಣ್ಣಿಗೆ ಕಂಡ ಆಕಾರ ನೋಡಿ. ಸಿರಸ್ ಎಂದರೆ ಗುಂಗುರು ಕೂದಲು. ಅವರ ವಿವರಣೆಯಲ್ಲಿ ಅವು ಸಮಾಂತರವಾಗಿ, ಬಳುಕಿ, ಇಲ್ಲವೇ ಕವಲಾಗಿ ಹರಡುವ ಎಳೆಗಳು.

‘ಎಳೆಮೋಡ’ ಎನ್ನೋಣವೆಂದರೆ ಎಳೆಬಿಸಿಲಿನಂತೆ ಎಳಸಾದ ಮೋಡ ಎಂಬ ಅರ್ಥ ಬಂದೀತು. ಕಾವ್ಯದ ‘ಅಲಕ’ (ಗುಂಗುರು ಕೂದಲು) ಅರ್ಥಕ್ಕೆ ಸರಿಯಾಗಿ ಕೂಡುತ್ತದೆ, ಮಕ್ಕಳ ಬಾಯಿಗೆ ಮಾತ್ರ ದೂರ. ‘ಗುಂಗುರುಮೋಡ’ ಚೆಂದವೇ, ಆದರೆ ನೆಟ್ಟಗೆ ಚಾಚಿದ ಎಳೆಗಳಿಗೆ ಒಗ್ಗದು. ಕೊನೆಗೆ ಹೊಳೆದದ್ದು ಹತ್ತಿ ಹಿಂಜುವ ಕೆಲಸ. ‘ಹಿಂಜುಮೋಡ’, ಬೆರಕೆಗೆ ‘ಹಿಂಜುರಾಶಿ’, ‘ಹಿಂಜುಹಾಸು’. ಕಿವಿಗೂ ಹಿತವಾಗಿವೆ.

ನನ್ನ ಅನುಮಾನ ವ್ಯಾಕರಣದ್ದು. ಕುಡಿನೀರು ಎಂದರೆ ಕುಡಿಯುವ ನೀರು, ಹಾಸುಗಲ್ಲು ಎಂದರೆ ಹಾಸುವ ಕಲ್ಲು. ಆ ಲೆಕ್ಕದಲ್ಲಿ ಹಿಂಜುಮೋಡ ಎಂದರೆ ಹಿಂಜಬೇಕಾದ ಮೋಡವಾಗುತ್ತದೆ, ನನಗೆ ಬೇಕಿರುವುದು ಹಿಂಜಿದ ಮೋಡ. ಹುರಿಗಡಲೆಯಲ್ಲಿ (ನಮ್ಮ ಕಡೆ ಪುಟಾಣಿ) ‘ಹುರಿದ’ ಎಂಬ ಅರ್ಥವೇ ಇದೆಯಲ್ಲ, ಅದರ ಬಲದಿಂದ ಇದನ್ನು ಒಪ್ಪಬಹುದೇ? ಹುರಿಗಡಲೆಯಂಥ ಇನ್ನಷ್ಟು ಪದಗಳು ನಿಮ್ಮ ನೆನಪಿನಲ್ಲಿದ್ದರೆ ದಯವಿಟ್ಟು ತಿಳಿಸಿ.

ಬೀದರ, ಯಾದಗಿರಿ ಕಡೆಯವರಲ್ಲಿ ಇನ್ನೊಂದು ವಿನಂತಿ. ಪಿಂಜಾರರು ಬಿಲ್ಲಿನಿಂದ ಹತ್ತಿ ಬಡಿಯುವಾಗ ಮೇಲೆದ್ದು ತೇಲುವ ಆ ತೆಳ್ಳನೆಯ ಎಳೆಗಳಿಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಅಂಥ ಪದವೊಂದು ಸಿಕ್ಕರೆ ಹಿಂಜುಮೋಡವನ್ನು ಬಿಟ್ಟು ಅದನ್ನೇ ಪಾಠಕ್ಕೆ ಹಾಕುತ್ತೇನೆ.